ಮುಟ್ಟದ ಕೈ

ಭಾವ ಒಂದು ಸಲ, ಒಂದೇ ಒಂದು ಸಲ, ಕೈ ಮುಂದೆ ಚಾಚಿ ನನ್ನ ಜೇಬು ಮುಟ್ಟಿ ನೋಡಿದ್ದರೆ ಸಾಕಿತ್ತು. ಮುಟ್ಟಲಿಲ್ಲ. ಆ ಸಿಟ್ಟಿಗೆ ಈಗ ನನ್ನ ಹಿರಿಮಗಳಷ್ಟು ವಯಸ್ಸು. ಅವಳು ಬೆಳೆದು ಮದುವೆಯಾಗಿ ತನ್ನ ಮನೆ ಸೇರಿದಳು, ಸಿಟ್ಟು ಮಾತ್ರ ನನ್ನ ಮನೆಯಲ್ಲೇ ಕಾಲು ಚಾಚಿ ಕೂತಿದೆ. ಭಾವ ತೀರಿಕೊಂಡ ಮೇಲೆ ಅದೂ ತೀರುತ್ತದೆ ಅಂದುಕೊಂಡಿದ್ದೆ. ತೀರಲಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ ದೊಡ್ಡವರು. ಸತ್ತವರು ಅಷ್ಟು ಸುಲಭಕ್ಕೆ ತಪ್ಪಿಸಿಕೊಳ್ಳಬಾರದು ಎನ್ನುತ್ತೇನೆ ನಾನು.

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಮುಖವಲ್ಲ, ಬೆನ್ನು. ಬೆನ್ನ ಮೇಲೆ ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ತಲೆ ತುಸು ಮುಂದಕ್ಕೆ ಬಾಗಿಸಿ, ತಮ್ಮನ್ನು ತಾವೇ ಬಂಧಿಸಿ ಎಲ್ಲಿಗೋ ಒಯ್ಯುತ್ತಿರುವವರ ಹಾಗೆ ಅವರು ನಡೆದು ಹೋಗುವ ಚಿತ್ರ. ಕೆಲಸಕ್ಕೆ ಹೊರಟಾಗಲೂ ಹಾಗೆಯೇ, ಅಂಗಡಿಗೆ ಹೊರಟಾಗಲೂ ಹಾಗೆಯೇ. ನಮ್ಮ ಕಾರ್ಖಾನೆಯವರು ಅವರಿಗೆ ‘ಹೆಡೆಮುರಿ’ ಎಂದು ಹೆಸರಿಟ್ಟಿದ್ದರು. ಹೆಡೆಮುರಿ ಕಟ್ಟುವುದು ಕಳ್ಳನನ್ನು. ಇಲ್ಲಿ ಕಳ್ಳರನ್ನು ಹಿಡಿಯಬೇಕಾದ ಕಾವಲುಗಾರನೇ ಆ ಭಂಗಿಯಲ್ಲಿ ತಿರುಗುತ್ತಾನಲ್ಲ ಎಂಬುದು ಅವರ ನಗೆಯ ಮೂಲ. ಭಾವ ಆ ಹೆಸರಿಗೂ ‘ಓ’ ಎನ್ನುತ್ತಿದ್ದರು.

ಕಾರ್ಖಾನೆ ಕೊಟ್ಟಿದ್ದ ಖಾಕಿ ಕೋಟು ಅವರ ಮೈಗೆ ಹೊಲಿದದ್ದಲ್ಲ, ಹಿಂದಿನ ಕಾವಲುಗಾರ ಬಿಟ್ಟುಹೋದದ್ದು. ಆತ ಭಾರೀ ಎತ್ತರದ ಮನುಷ್ಯನಿರಬೇಕು. ಕೋಟಿನ ತೋಳು ಭಾವನ ಬೆರಳ ತುದಿಯನ್ನೂ ದಾಟಿ ಜೋಲುತ್ತಿತ್ತು. ಅಕ್ಕ ಸೂಜಿದಾರ ಹಿಡಿದು, “ಕೊಡಿ ಇಲ್ಲಿ, ಮಡಚಿ ಹೊಲಿದು ಕೊಡ್ತೀನಿ. ನೋಡಿದೋರು ಕದ್ದ ಕೋಟು ಅಂದ್ಕೋತಾರೆ” ಎಂದರೆ, “ಇರಲಿ ಬಿಡು. ಕೈ ಕಾಣದೇ ಇದ್ರೇ ವಾಸಿ” ಎನ್ನುತ್ತಿದ್ದರು. ಮಾತು ಕಡಿಮೆ. ಇದ್ದ ಮಾತಿನಲ್ಲೂ ಅರ್ಧ ಒಂದೇ ಮಾತು: “ನಿನಗೆ ಬಿಟ್ಟಿದ್ದು.” ಅಕ್ಕ ಇವತ್ತು ಏನು ಅಡುಗೆ ಮಾಡಲಿ ಎಂದರೆ, ನಿನಗೆ ಬಿಟ್ಟಿದ್ದು. ನಾನು ಈ ಹುಡುಗಿಯನ್ನು ಮದುವೆಯಾಗಲೇ ಭಾವ ಎಂದರೆ, ನಿನಗೆ ಬಿಟ್ಟಿದ್ದು. ಸಲಹೆ ಕೇಳಲು ಹೋದವನು ಕೇಳಿದ್ದನ್ನು ತಾನೇ ಹೊತ್ತುಕೊಂಡು ವಾಪಸು ಬರಬೇಕು. ಅದಕ್ಕೇ ಅವರ ಬಳಿ ಬಂಧುಗಳಾರೂ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ.

ನಮ್ಮದು ನಲ್ಲಿ ಮಾಡುವ ಕಾರ್ಖಾನೆ. ಒಂದು ಕಡೆ ಹಿತ್ತಾಳೆ ಕರಗಿಸಿ ಎರಕ ಹೊಯ್ಯುವವರು, ನಡುವೆ ಅದನ್ನು ಯಂತ್ರದಲ್ಲಿ ಕಡೆಯುವ ನಮ್ಮಂಥ ಲೇತ್‌ನವರು, ಕೊನೆಗೆ ಉಜ್ಜಿ ಹೊಳಪು ಕೊಡುವವರು. ಹಿತ್ತಾಳೆಯ ಗುಣ ಎಂಥದೆಂದರೆ, ಸಣ್ಣ ತುಂಡಾದರೂ ಗುಜರಿಯಲ್ಲಿ ಅದಕ್ಕೆ ಬೆಲೆ ಉಂಟು, ಸೊಂಟದ ಮಡಿಕೆಯಲ್ಲಿ ಅದಕ್ಕೆ ಜಾಗವೂ ಉಂಟು. ಆದ್ದರಿಂದ ಸಂಜೆ ಸೀಟಿಯಾದ ಮೇಲೆ ದೊಡ್ಡ ಗೇಟು ತೆರೆಯುತ್ತಿರಲಿಲ್ಲ. ಅದರೊಳಗಿನ ದಿಡ್ಡಿ ಬಾಗಿಲಿನಲ್ಲಿ ಒಬ್ಬೊಬ್ಬರಾಗಿ ತಲೆ ಬಗ್ಗಿಸಿ ದಾಟಬೇಕು, ದಾಟುವ ಮುಂಚೆ ಎರಡೂ ಕೈ ಮೇಲೆತ್ತಿ ನಿಲ್ಲಬೇಕು, ಕಾವಲುಗಾರ ಕಂಕುಳಿನಿಂದ ಪಾದದ ತನಕ ಸವರಿ ಬಿಡಬೇಕು. ಮೊದಮೊದಲು ಭಾವನೂ ಸವರಿದವರೇ. ಅವರ ಕೈ ಬಹಳ ಚುರುಕು. ಊಟದ ಡಬ್ಬಿಯ ತಳದಲ್ಲಿ, ತಲೆಗೆ ಸುತ್ತಿದ ವಸ್ತ್ರದೊಳಗೆ, ಚಪ್ಪಲಿಯ ಅಟ್ಟೆಯ ನಡುವೆ ಇಟ್ಟದ್ದನ್ನು ಬೆರಳ ತುದಿಯಲ್ಲೇ ಓದಿ ಹೇಳುತ್ತಿದ್ದರು. ಯಜಮಾನರು ಮೆಚ್ಚಿಕೊಂಡಿದ್ದರು.

ಆ ಕೈಗಳು ಬೆನ್ನ ಹಿಂದಕ್ಕೆ ಹೋದ ಕಥೆಯನ್ನು ಭಾವನೇ ನನಗೆ ಹೇಳಿದ್ದು, ಅದೂ ಒಂದೇ ಸಲ. ಅಕ್ಕನಿಗೆ ಕೆಮ್ಮು ಹಿಡಿದಿತ್ತೆಂದು ದವಾಖಾನೆಗೆ ಕರೆದುಕೊಂಡು ಹೋಗಿದ್ದರಂತೆ. ಬೆಂಚಿನ ತುದಿಯಲ್ಲಿ ನಮ್ಮ ಪಾಲಿಶ್ ಅಜ್ಜ ಕೂತಿದ್ದ. ಪಾಲಿಶ್ ಖಾತೆಯಲ್ಲಿ ಕಣ್ಣು ಮಂಜಾಗುವವರೆಗೆ ಹಿತ್ತಾಳೆ ಉಜ್ಜಿದ ಮುದುಕ, ಜೀವಮಾನದಲ್ಲಿ ಒಂದು ಚೂರು ಮುಟ್ಟಿದವನಲ್ಲ. ಕಾಂಪೌಂಡರು ಬಾಗಿಲಿಗೆ ಬಂದು ನಿಂತು, ಮುಂದಿನವರು ಬನ್ನಿ ಎಂದ. ಅಜ್ಜ ಎದ್ದು ಬಾಗಿಲ ಬಳಿ ಹೋದವನು ಕಾಲು ಅಗಲಿಸಿ, ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ ನಿಂತುಬಿಟ್ಟ. ಜನ ಘೊಳ್ಳೆಂದು ನಕ್ಕರು. ಅಜ್ಜನಿಗೆ ಯಾಕೆ ನಗುತ್ತಾರೆಂದು ತಿಳಿಯಲಿಲ್ಲ. ಕಣ್ಣು ಬಿಟ್ಟು ಅತ್ತಿತ್ತ ನೋಡಿದ, ಬೆಂಚಿನ ಮೇಲೆ ಭಾವನನ್ನು ಕಂಡ, ಕಂಡೊಡನೆ ಕೈಗಳನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿದ.

“ಅವನು ಕದ್ದೋನಲ್ಲ, ಸರಿ” ಎಂದರು ಭಾವ. “ಆದ್ರೆ ಇಷ್ಟು ವರ್ಷ ಅವನನ್ನ ಕದೀದ ಹಾಗೆ ಇಟ್ಟಿದ್ದು ಅವನ ಮನಸ್ಸಾ, ನನ್ನ ಕೈಯಾ? ಅದನ್ನ ಅವನಿಗೂ ಗೊತ್ತಾಗದ ಹಾಗೆ ಮಾಡಿಟ್ಟಿದ್ದೀನಿ ನೋಡು.”

ಮರುದಿನ ಸಂಜೆಯಿಂದ ಅವರ ಕೈ ಹಿಂದಕ್ಕೆ ಹೋಯಿತು. ದಿಡ್ಡಿ ಬಾಗಿಲ ಪಕ್ಕದಲ್ಲಿ ನಿಂತು ಪ್ರತಿಯೊಬ್ಬನ ಮುಖವನ್ನೂ ನೇರವಾಗಿ ನೋಡಿ ಕೇಳುತ್ತಿದ್ದರು: “ಏನಾದ್ರೂ ಇದೆಯಾ?” ಇವನು “ಇಲ್ಲ” ಎನ್ನಬೇಕು. “ಸರಿ, ಹೋಗಿ ಬಾ.” ಇಷ್ಟೇ ತಪಾಸಣೆ. ಯಜಮಾನರ ಕೋಣೆ ಮಹಡಿಯ ಮೇಲೆ. ಅಲ್ಲಿನ ಕಿಟಕಿಯಿಂದ ಕಾಣುತ್ತಿದ್ದದ್ದು ಸಾಲಿನವರ ಬೆನ್ನು ಮತ್ತು ಅವರಾಚೆ ಖಾಕಿ ಕೋಟಿನ ಭುಜ ಮಾತ್ರ, ಜೋಲುತ್ತಿದ್ದ ಆ ತೋಳುಗಳೊಳಗೆ ಕೈ ಎಲ್ಲಿದೆಯೋ ಯಾರಿಗೆ ತಿಳಿಯಬೇಕು. ಮೇಸ್ತ್ರಿಗೆ ಗೊತ್ತಿತ್ತು. ದೊಡ್ಡದೇನೂ ಕಳೆಯದಿರುವ ತನಕ ತನಗೇಕೆ ಊರ ಉಸಾಬರಿ ಎಂದು ಅವನು ಸುಮ್ಮನಿದ್ದ.

ಅಲ್ಲಿಂದಾಚೆ ಕಾರ್ಖಾನೆಯಲ್ಲಿ ಕಳ್ಳತನವೇ ನಿಂತುಹೋಯಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಆದರೆ ಸುಳ್ಳು ಹೇಳಿ ನಾನೇಕೆ ಭಾವನನ್ನು ಪಟದೊಳಗೆ ಕೂರಿಸಲಿ? ನಿಲ್ಲಲಿಲ್ಲ. ಕದಿಯುವವರು ಕದ್ದರು, ‘ಇಲ್ಲ’ ಎನ್ನಲು ನಾಲಿಗೆ ಇದ್ದರೆ ಸಾಕು, ಹಿಂದಿನಷ್ಟು ಕಷ್ಟವೂ ಇಲ್ಲ ಎಂದು ಗೇಲಿ ಮಾಡಿದರು. ಆದರೆ ಇನ್ನೊಂದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಎರಕದ ಖಾತೆಯ ಒಬ್ಬ ದಾಂಡಿಗ ಸಾಲಿನಲ್ಲಿ ಭಾವನ ಹತ್ತಿರ ಬಂದವನು, ಅವರು ಬಾಯಿ ತೆರೆಯುವ ಮುಂಚೆಯೇ “ಅಯ್ಯೋ, ಡಬ್ಬಿ ಮರೆತೆ” ಎಂದು ಒಳಕ್ಕೆ ಓಡಿದ. ಡಬ್ಬಿ ಅವನ ಕೈಯಲ್ಲೇ ಇತ್ತು. ವಾಪಸು ಬಂದಾಗ ಮುಖ ಬೆವೆತಿತ್ತು, ನಡಿಗೆ ಮಾತ್ರ ಮದುಮಗನ ಹಾಗಿತ್ತು. ಹಿಡಿದು ಬಿಡಿಸಿದ್ದರೆ ಅವನು ಸಿಕ್ಕಿಬಿದ್ದ ಕಳ್ಳನಾಗುತ್ತಿದ್ದ. ತಾನೇ ಇಟ್ಟುಬಂದದ್ದರಿಂದ ಏನಾದ ಎಂಬುದಕ್ಕೆ ನನ್ನ ಬಳಿ ಪದವಿಲ್ಲ, ಓದಿದ್ದು ಅಷ್ಟಕ್ಕಷ್ಟೇ. ಸದ್ಗುಣ, ಶೀಲ ಎಂದು ಬಲ್ಲವರು ಕರೆಯುವುದು ಬಹುಶಃ ಅದನ್ನೇ ಇರಬೇಕು. ಓಡಿಹೋಗಲು ಬಾಗಿಲು ತೆರೆದೇ ಇರುವಾಗ ಒಬ್ಬ ಮನುಷ್ಯ ಹಿಂದಿರುಗಿ ನಡೆಯುವ ಆ ಹತ್ತು ಹೆಜ್ಜೆಗಳನ್ನು.

ಭಾವನ ಈ ಚಾಳಿಯ ಬಿಸಿ ನನಗೂ ಒಂದು ಸಲ ತಟ್ಟಿತ್ತು. ನನ್ನ ಮೂಗಿನ ತುದಿಯ ಸಿಟ್ಟು ಆ ಬೀದಿಗೆಲ್ಲ ಪರಿಚಿತ. ಬಟ್ಟೆ ಇಸ್ತ್ರಿ ಮಾಡುವವನು ನನ್ನ ಅಂಗಿ ಸುಟ್ಟು, ಮೊದಲೇ ಸುಟ್ಟಿತ್ತು ಎಂದು ವಾದಿಸಿದಾಗ ನಾನು ಅವನ ಮೇಲೆ ಏರಿಹೋದೆ. ಯಥಾಪ್ರಕಾರ ನಾಲ್ಕು ಜನ ನನ್ನನ್ನು ಹಿಡಿದರು, ಯಥಾಪ್ರಕಾರ ನಾನು “ಬಿಡ್ರೋ ನನ್ನ, ಇವತ್ತು ಇವನನ್ನ ಮುಗಿಸಿಬಿಡ್ತೀನಿ” ಎಂದು ಕೊಸರಾಡಿದೆ. ಅಷ್ಟರಲ್ಲಿ ಹೆಡೆಮುರಿಯ ಸವಾರಿ ಆ ದಾರಿಯಲ್ಲಿ ಬಂತು. “ಬಿಡ್ರಪ್ಪ ಅವನನ್ನ” ಎಂದರು ಭಾವ. ಹಿರಿಯರ ಮಾತು, ಬಿಟ್ಟರು. “ಹೊಡೀಬೇಕಾ? ಹೊಡಿ. ನಿನಗೆ ಬಿಟ್ಟಿದ್ದು.”

ನಾನು ನಿಂತೆ. ಹಿಡಿಯುವವರಿರುವಾಗ ಹಾರಾಡುವುದು ಬಹಳ ಸುಲಭವೆಂದು ಆವತ್ತು ತಿಳಿಯಿತು. ಎತ್ತಿದ ಕೈ ಕಲ್ಲಿನಷ್ಟು ಭಾರವಾಗಿ ತಾನೇ ಕೆಳಗಿಳಿಯಿತು. ಇಸ್ತ್ರಿಯವನು ಕೂಡ, ಪಾಪ, ಹೊಡೆತಕ್ಕೆಂದು ಮುಚ್ಚಿದ ಕಣ್ಣನ್ನು ಒಂದೊಂದಾಗಿ ತೆರೆದು, “ಅಣ್ಣ, ಸುಟ್ಟಿದ್ದು ನಾನೇ” ಎಂದ. ನಾನು ಭಾವನ ಮೇಲೆ ಕಿಡಿಕಾರಿದೆ: “ನಿಮಗೇನು ಗೊತ್ತು, ನಿಜವಾಗ್ಲೂ ಹೊಡೆದುಬಿಟ್ಟಿದ್ರೆ?” ಭಾವ ಆಗಲೇ ನಡೆದುಹೋಗುತ್ತಿದ್ದರು. ಬೆನ್ನ ಹಿಂದಿನ ಕೈಯ ಒಂದು ಬೆರಳು ಮಾತ್ರ ಎದ್ದು ಅಲ್ಲಾಡಿತು. ಏನೋ ಹೇಳಿದಂತೆ.

ಇನ್ನು ನನ್ನ ಸಿಟ್ಟಿನ ವಿಷಯ. ಯಜಮಾನರು ಹೊಸ ನಮೂನೆಯ ನಲ್ಲಿಗೆ ದೊಡ್ಡ ಆರ್ಡರು ಹಿಡಿದಿದ್ದರು. ಅದರ ಮಾದರಿ ತುಂಡು, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಹೊರಗಿನಿಂದ ಬಂದಿತ್ತು; ಅದು ಎದುರು ಕಾರ್ಖಾನೆಯವರ ಕೈಸೇರಿದರೆ ಆರ್ಡರೂ ಅವರ ಕೈಸೇರಿದ ಹಾಗೆ. ಅಳತೆ ತೆಗೆಯಲು ಅದನ್ನು ನನ್ನ ಲೇತ್‌ಗೆ ಕೊಟ್ಟಿದ್ದರು. ಅಳತೆ ತೆಗೆದು ವಾಪಸು ಇಟ್ಟೆ. ಸಂಜೆ ಸೀಟಿಯ ಹೊತ್ತಿಗೆ ಮಾದರಿ ನಾಪತ್ತೆ.

“ಕೊನೇಲಿ ಅದು ಇದ್ದಿದ್ದು ನಿನ್ನ ಹತ್ರ” ಎಂದ ಮೇಸ್ತ್ರಿ, ಎಲ್ಲರೆದುರಿಗೆ.

“ಇತ್ತು. ತಂದು ನಿಮ್ಮ ಮೇಜಿನ ಮೇಲೆ ಇಟ್ಟೆ. ನೀವಿರಲಿಲ್ಲ.”

“ನಾನಿರಲಿಲ್ಲ ಅಂದ್ಮೇಲೆ ಇಟ್ಟಿದ್ದನ್ನ ಕಂಡೋರ್ಯಾರು?”

“ಇಟ್ಟೋನು ಕಂಡಿದ್ದೀನಿ!”

“ಭೇಷ್. ನಿನಗೆ ನೀನೇ ಸಾಕ್ಷಿ. ಗೇಟಲ್ಲಿ ಅಕ್ಕನ ಗಂಡ. ಇನ್ನೇನು ಬೇಕಪ್ಪ, ಮನೆ ಮದುವೆ ಇದ್ದ ಹಾಗಿದೆ.”

ಸಾಲಿನಲ್ಲಿದ್ದವರು ನಕ್ಕರು. ನನಗೆ ನೆತ್ತಿಗೇರಿತು. ಸಾಲು ಮುರಿದು ಓಡಿ ದಿಡ್ಡಿ ಬಾಗಿಲಿಗೆ ಹೋದವನೇ ಅಂಗಿ ಬಿಚ್ಚಿ ನೆಲಕ್ಕೆಸೆದೆ, ಡಬ್ಬಿಯನ್ನು ಬೋರಲು ಹಾಕಿದೆ. “ಬನ್ನಿ ಭಾವ! ಎಲ್ಲರೂ ನೋಡ್ತಿದ್ದಾರೆ. ಜೇಬು ನೋಡಿ, ಸೊಂಟ ನೋಡಿ. ನೋಡಿ ಎಲ್ಲರಿಗೂ ಕೇಳೋ ಹಾಗೆ ಹೇಳಿ!”

“ಅಂಗಿ ಹಾಕ್ಕೋ” ಎಂದರು ಭಾವ. ಕೈ ಹಿಂದೆಯೇ ಇತ್ತು. “ಏನಾದ್ರೂ ಇದೆಯಾ?”

“ಇಲ್ಲ!”

“ಸರಿ. ಹೋಗಿ ಬಾ.”

“ಬರೀ ಸರಿ ಅಂದ್ರೆ ಸಾಲಲ್ಲ ಭಾವ! ಮುಟ್ಟಿ ನೋಡಿ. ನನ್ನ ಮಾನ ಹೋಗ್ತಾ ಇದೆ.”

“ಮಾನಾನ ಜೇಬಲ್ಲಿ ಇಟ್ಕೊಂಡಿದ್ದೀಯಾ, ಮುಟ್ಟಿ ನೋಡೋಕೆ?”

ಗದ್ದಲ ಕೇಳಿ ಯಜಮಾನರು ಮಹಡಿಯಿಂದ ಇಳಿದು ಬಂದರು. “ಏನಯ್ಯಾ, ಕೈ ಕಟ್ಕೊಂಡು ನಿಲ್ಲೋಕಾ ನಿನಗೆ ಸಂಬಳ? ನೋಡು ಅವನನ್ನ.”

“ಕೇಳಿದೆ ಯಜಮಾನ್ರೇ. ಇಲ್ಲ ಅಂದ.”

“ಹೆಂಡತಿ ತಮ್ಮ ಅಂತ ಮರ್ಯಾದೆನಾ?”

“ಎಲ್ಲರನ್ನೂ ಕೇಳೋದೇ. ತುಂಬಾ ದಿನದಿಂದ ಕೇಳೋದೇ.”

ಯಜಮಾನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಹಡಿಯ ಕಿಟಕಿಯನ್ನೊಮ್ಮೆ, ಕೋಟಿನ ತೋಳನ್ನೊಮ್ಮೆ ನೋಡಿದರು. “ಅಂದ್ರೆ ಇಷ್ಟು ದಿನ ಒಬ್ಬನನ್ನೂ ಮುಟ್ಟೇ ಇಲ್ವಾ?”

“ಇಲ್ಲ” ಎಂದರು ಭಾವ, ನಾವು ಪ್ರತಿ ಸಂಜೆ ಅವರಿಗೆ ಹೇಳುತ್ತಿದ್ದ ಅದೇ ಧಾಟಿಯಲ್ಲಿ. ಬಾಯಿಬಿಡದೆ ತಪ್ಪಿಸಿಕೊಳ್ಳಬಹುದಿತ್ತು. ನನ್ನನ್ನೊಬ್ಬನನ್ನು ನಾಲ್ಕು ಬೆರಳಿನಿಂದ ಸವರಿದ್ದರೂ ಆಗುತ್ತಿತ್ತು. ನನ್ನ ಹೆಸರು ಉಳಿಯುತ್ತಿತ್ತು, ಅವರ ಅನ್ನ ಉಳಿಯುತ್ತಿತ್ತು.

“ಈಗ ಇವನನ್ನ ಮುಟ್ತೀಯೋ, ಕೋಟು ಬಿಚ್ಚಿಡ್ತೀಯೋ?”

ಭಾವನ ಕೈ ಮುಂದೆ ಬಂತು. ನನ್ನ ಎದೆ ಹಗುರವಾಯಿತು. ಆದರೆ ಆ ಕೈ ನನ್ನ ಕಡೆ ಬರಲಿಲ್ಲ, ಕೋಟಿನ ಗುಂಡಿಗೆ ಹೋಯಿತು. ಒಂದೊಂದೇ ಗುಂಡಿ ಬಿಚ್ಚಿ, ಕೋಟನ್ನು ನೀಟಾಗಿ ಮಡಚಿ ಸ್ಟೂಲಿನ ಮೇಲಿಟ್ಟು, ಅದರ ಮೇಲೆ ಸೀಟಿ ಇಟ್ಟು, ಮತ್ತೆ ಕೈ ಹಿಂದೆ ಕಟ್ಟಿಕೊಂಡು, ತಲೆ ಬಗ್ಗಿಸಿ ದಿಡ್ಡಿ ಬಾಗಿಲು ದಾಟಿ ಹೋದರು. ಬನಿಯನ್ನಿನ ಬೆನ್ನಿನಲ್ಲಿ ಎರಡು ತೂತು ಇದ್ದವು.

ಮೇಸ್ತ್ರಿ ತೋಳೇರಿಸಿಕೊಂಡು ನನ್ನ ಕಡೆ ಬಂದ. ಒಂದು ನಿಮಿಷದ ಹಿಂದೆ ಮುಟ್ಟಿ ನೋಡಿ ಎಂದು ಬೀದಿಗೆ ಕೇಳುವ ಹಾಗೆ ಕೂಗಿದವನು ನಾನೇ. ಈಗ ಅವನ ಬೆರಳು ಮೈಗೆ ತಗಲುವ ಮುಂಚೆ ಮೈಯೆಲ್ಲ ಉರಿದುಹೋಯಿತು. ಕೈ ತಳ್ಳಿ, ಅಂಗಿ ಎತ್ತಿ ಕೊಡವಿ ಹಾಕಿಕೊಂಡೆ. “ಇಲ್ಲ ಅಂದೆನಲ್ಲ” ಎಂದೆ, ದಾಟಿದೆ. ನನ್ನ ಹಿಂದೆ ಮೂರೋ ನಾಲ್ಕೋ ಜನ “ಇಲ್ಲ”, “ಇಲ್ಲ” ಎನ್ನುತ್ತಾ ಬಂದರು. ಉಳಿದವರು ನಿಂತರು. ಹೊರಗಿನಿಂದ ತಿರುಗಿ ನೋಡಿದರೆ, ಯಾರೂ ಕೇಳದಿದ್ದರೂ, ಖಾಲಿ ಸ್ಟೂಲಿನ ಮುಂದೆ ಪಾಲಿಶ್ ಅಜ್ಜ ಎರಡೂ ಕೈ ಮೇಲೆತ್ತಿ ನಿಂತಿದ್ದ.

ಮಾದರಿ ಸಿಗಲೇ ಇಲ್ಲ. ಆರ್ಡರು ತಲೆಯ ಮೇಲಿದ್ದುದರಿಂದ ಯಜಮಾನರು ಹಲ್ಲು ಕಚ್ಚಿಕೊಂಡು ನನ್ನನ್ನು ಇಟ್ಟುಕೊಂಡರು. ಆದರೆ ಅಲ್ಲಿರುವಷ್ಟು ಕಾಲವೂ ನನ್ನ ಬೆನ್ನ ಹಿಂದೆ ಪಿಸುಮಾತು ತಪ್ಪಲಿಲ್ಲ. ನಾನು ಕದ್ದಿರಲಿಲ್ಲ. ಅದನ್ನು ಆವತ್ತೂ ಸಾಬೀತು ಮಾಡಲಾಗಲಿಲ್ಲ, ಇವತ್ತೂ ಆಗುವುದಿಲ್ಲ. ನೀವು ನಂಬಬಹುದು, ಬಿಡಬಹುದು. ನಿಮಗೆ ಬಿಟ್ಟಿದ್ದು.

ಆ ಸಂಜೆ ಅಕ್ಕ ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಜಾಡಿಸಿದಳು. “ಮುಟ್ಟಿದ್ರೆ ನಿಮ್ಮ ಕೈ ಏನು ಸವೆದುಹೋಗ್ತಿತ್ತಾ? ಇವನು ನೋಡಿದ್ರೆ ಬೀದೀಲಿ ಬಟ್ಟೆ ಬಿಚ್ಚಿ ಕುಣಿದ. ಒಬ್ಬರಿಗೆ ಮಾನ, ಒಬ್ಬರಿಗೆ ನೇಮ. ನಿಮ್ಮಿಬ್ಬರ ನಡುವೆ ಆರಿದ್ದು ನನ್ನ ಒಲೆ.”

ಭಾವ ಹೇಳಿದರು: “ಮುಟ್ಟಿದ್ರೆ ಅವನು ನಿನ್ನ ತಮ್ಮ ಆಗಿ ಆಚೆ ಬರ್ತಿರಲಿಲ್ಲ ಕಣೇ. ನಾನು ನೋಡಿ ಪಾಸು ಮಾಡಿದ ಮಾಲಾಗಿ ಬರ್ತಿದ್ದ.”

“ಮಾಲಾದ್ರೆ ಮಾಲು! ಮಾಲಿಗೆ ಮೂರು ಹೊತ್ತು ಊಟ ಸಿಗುತ್ತೆ” ಎಂದಳು ಅಕ್ಕ.

ಆಮೇಲೆ ಅವರು ಸೈಕಲ್ ಸ್ಟ್ಯಾಂಡಿನಲ್ಲಿ ಕೂತರು. ಬುದ್ಧಿ ಬಂತೆಂದುಕೊಂಡಿರಾ? ಅಲ್ಲಿಯೂ ಚೀಟಿ ಕೊಡುತ್ತಿರಲಿಲ್ಲ. “ಇದು ನಿನ್ನದಾ?” “ಹೌದು.” “ಸರಿ, ತಗೊಂಡು ಹೋಗು.” ಒಂದು ಸಂಜೆ ಯಾರೋ ‘ಹೌದು’ ಎಂದು ಯಾರದೋ ಹೊಸ ಸೈಕಲನ್ನು ತಳ್ಳಿಕೊಂಡು ಹೋದ. ನಿಜವಾದ ಒಡೆಯ ಬಂದು ಬೊಬ್ಬೆ ಹಾಕಿದಾಗ ಭಾವ ತಮ್ಮ ಸ್ವಂತ ಸೈಕಲನ್ನು ತಂದು ಅವನ ಕೈಗಿತ್ತು, ಉಳಿದ ಆಯುಷ್ಯವನ್ನೆಲ್ಲ ನಡೆದೇ ಕಳೆದರು. ನನಗೆ ಬೇಸರ ತರಿಸುವುದೂ ಇದೇ, ತಲೆಬಾಗಿಸುವುದೂ ಇದೇ: ಅವರು ಬೇರೆಯವರಿಗೆ ಬಿಟ್ಟುಕೊಟ್ಟ ಸ್ವಾತಂತ್ರ್ಯದ ದಂಡವನ್ನು ಯಾವತ್ತೂ ಬೇರೆಯವರ ತಲೆಗೆ ಕಟ್ಟಲಿಲ್ಲ. ನನ್ನ ತಲೆಯೊಂದನ್ನು ಬಿಟ್ಟು, ಎಂದು ಅಕ್ಕ ಸೇರಿಸುತ್ತಾಳೆ. ಅದೂ ನಿಜ.

ಕೊನೆಗಾಲದಲ್ಲಿ ಅವರು ಮಂಚ ಹಿಡಿದಾಗ ನಾನು ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. “ಭಾವ, ಆವತ್ತು ನಾನು ಕದ್ದಿಲ್ಲ ಅಂತ ನಿಮಗೆ ಗೊತ್ತಿತ್ತಾ?”

“ಇಲ್ಲ.”

“ಈಗ?”

“ಈಗಲೂ ಗೊತ್ತಿಲ್ಲ.”

“ಗೊತ್ತಿಲ್ದೇ ಕೆಲಸ ಕಳ್ಕೊಂಡ್ರಾ? ನನಗೋಸ್ಕರ?”

“ಗೊತ್ತಿದ್ರೆ ನಂಬೋ ಅಗತ್ಯ ಏನಿತ್ತೋ?” ಎಂದು ನಕ್ಕರು. ಕೆಮ್ಮು ಬಂತು. ನೀರು ಕುಡಿಸಿದೆ. ಅಂದಿನಿಂದ ಯಾರ ಒಂದು ತುಂಡನ್ನೂ ಮುಟ್ಟಿಲ್ಲ ಭಾವ, ನಿಮ್ಮ ಮುಖ ನೋಡಿಕೊಂಡು, ಎಂದೆ. ಅವರ ಹುಬ್ಬು ಗಂಟಾಯಿತು. “ನನ್ನ ಮುಖ ನೋಡ್ಕೊಂಡು ಬಿಟ್ಟಿದ್ರೆ, ಇನ್ನೂ ಗೇಟಲ್ಲಿ ನಾನೇ ನಿಂತಿದ್ದೀನಿ ಅಂತಾಯ್ತು. ಆ ಕೆಲಸ ಬಿಟ್ಟು ಎಷ್ಟು ಕಾಲ ಆಯ್ತು ಮಾರಾಯ, ಮತ್ತೆ ಸೇರಿಸ್ಬೇಡ.”

ಅವರು ಹೋದ ದಿನ ಯಾರೋ ಅವರ ಎರಡೂ ಕೈಗಳನ್ನು ಎದೆಯ ಮೇಲೆ ತಂದು ಜೋಡಿಸಿದ್ದರು. ಅಷ್ಟು ಹೊತ್ತು ಆ ಕೈಗಳನ್ನು ಮುಂದಿನಿಂದ ನೋಡಿದ್ದು ನಾನು ಅದೇ ಮೊದಲು. ಸಣ್ಣ ಕೈಗಳು. ಬೇರೆ ಯಾರದೋ ಅನ್ನಿಸಿತು.

ಜನಕ್ಕೆ ಸ್ವಾತಂತ್ರ್ಯ ಕೊಟ್ಟರೆ ಕೆಡುತ್ತಾರೆ, ಕಾವಲಿದ್ದರೆ ನೆಟ್ಟಗಿರುತ್ತಾರೆ ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಬಹಳ ಮಂದಿ ಮಹಡಿಯ ಮೇಲಿನ ಕಿಟಕಿಯವರು. ಕೆಡುತ್ತಾರೆ, ಒಪ್ಪಿದೆ. ಸೈಕಲ್ ಹೋಗುತ್ತದೆ, ಮಾದರಿ ಹೋಗುತ್ತದೆ. ಆದರೆ ಕಾವಲಿನಲ್ಲಿ ನೆಟ್ಟಗಿರುವುದು ಗೋಡೆಗೆ ಒರಗಿಸಿದ ಕೋಲು. ಗೋಡೆ ತೆಗೆದು ನೋಡುವ ಧೈರ್ಯ ಯಾರಿಗಿದೆ? ಭಾವನಂಥವರು ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ. ಕೆಟ್ಟವರಾಗುವುದಕ್ಕೂ ಜಾಗ ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು ಒಂದು ಪಕ್ಕಕ್ಕೆ ನಿಲ್ಲುತ್ತಾರೆ, ಅಷ್ಟೇ. ಆ ಜಾಗದಲ್ಲಿ ನಿಂತಾಗಲೇ ನಾವು ಯಾರೆಂಬುದು ನಮಗೆ ಮೊದಲ ಬಾರಿ ತಿಳಿಯುವುದು. ಅದಕ್ಕೇ ಇಂಥವರನ್ನು ಪ್ರೀತಿಸುವುದು ಕಷ್ಟ, ಕ್ಷಮಿಸುವುದು ಇನ್ನೂ ಕಷ್ಟ.

ಈಗ ನಾನು ದುಡಿಯುವಲ್ಲಿ ಗೇಟಿಗೆ ಮನುಷ್ಯನಿಲ್ಲ, ಒಂದು ಚೌಕಟ್ಟಿದೆ. ಲೋಹ ಕಂಡರೆ ಕಿರುಚುತ್ತದೆ. ನಾನು ದಾಟುವಾಗ ಕಿರುಚುವುದಿಲ್ಲ. ಆದರೂ ದಾಟುತ್ತಾ ಗಟ್ಟಿಯಾಗಿ “ಇಲ್ಲ” ಎನ್ನುತ್ತೇನೆ. ಹಿಂದಿನವರು, ಮುದುಕನಾಗುವ ಮುಂಚೆಯೇ ಇವನಿಗೆ ಅರಳುಮರಳು ಎನ್ನುತ್ತಾರೆ. ಅನ್ನಲಿ. ಕೇಳದೆಯೇ ನನ್ನನ್ನು ಪಾಸು ಮಾಡಲು ಅದು ಯಾರು?

ಭಾವನ ಋಣ ಮಾತ್ರ ಹಾಗೇ ಉಳಿಯಿತು. ನೆಟ್ಟಗೆ ಬದುಕಿ ತೀರಿಸೋಣವೆಂದರೆ ಆ ನಾಣ್ಯ ಅವರಲ್ಲಿ ನಡೆಯುವುದಿಲ್ಲ ಎಂದು ಅವರೇ ಹೇಳಿಹೋದರು. ಬೇರೆ ನಾಣ್ಯ ನನ್ನ ಬಳಿ ಇಲ್ಲ. ಒಂದು ವೇಳೆ ಆಚೆಗೂ ಒಂದು ದಿಡ್ಡಿ ಬಾಗಿಲಿದ್ದು, ಆ ಉದ್ದ ತೋಳಿನ ಕೋಟಿನವರು ಅಲ್ಲಿ ನಿಂತು “ಏನಾದ್ರೂ ಇದೆಯಾ?” ಎಂದು ಕೇಳಿದರೆ, ಜೀವಮಾನದಲ್ಲಿ ಮೊದಲ ಸಲ ನಾನು “ಇದೆ ಭಾವ” ಎನ್ನಬೇಕಾಗುತ್ತದೆ.